ಮೇಜು ಹಿಂದಕ್ಕೆ ಬಂದಾಗ

ಕಮಲಾಪುರದ ಭೀಮಶಾನನ್ನು ನೋಡಿ ಊರವರು ನಕ್ಕಿದ್ದೇ ನಕ್ಕಿದ್ದು. ಕೆಂಪು ಬಾಳೆಗೊನೆ ಹೊತ್ತು ಲಾರಿಗೆ ತುಂಬುತ್ತಿದ್ದ ಆಳು ತೊಂಬತ್ತಾರನೇ ಇಸವಿಯಲ್ಲಿ ಕಲಬುರಗಿಯ ಸ್ಕ್ಯಾನಿಂಗ್ ಸೆಂಟರ್ ಸೇರಿ ಬಿಳಿ ಅಂಗಿ ತೊಟ್ಟರೆ ನಗದೆ ಇನ್ನೇನು ಮಾಡುತ್ತಾರೆ? "ಡಾಕ್ಟರ್ ಸಾಹೇಬ್ರ, ನಮ್ಮ ಎಮ್ಮಿದೂ ಒಂದು ಫೋಟೋ ಹೊಡೀರಿ" ಎಂದು ಸಂತೆಯಲ್ಲಿ ಕಾಲೆಳೆಯುತ್ತಿದ್ದರು. ಭೀಮಶಾ ಬೀಡಿ ಕಚ್ಚಿಕೊಂಡೇ ನಗುತ್ತಿದ್ದ. ಆ ಹಾಳು ಬೀಡಿಯನ್ನು ಮಾತ್ರ ಪುಣ್ಯಾತ್ಮ ಬಿಡಲಿಲ್ಲ.

ಕೆಲಸವೇನು ದೊಡ್ಡದಲ್ಲ. ರೋಗಿಯನ್ನು ಸಿಟಿ ಸ್ಕ್ಯಾನ್ ಯಂತ್ರದ ಮೇಜಿನ ಮೇಲೆ ಮಲಗಿಸುವುದು, ಕೈಗಳನ್ನು ತಲೆಯ ಮೇಲಕ್ಕೆ ಇಡಿಸುವುದು, "ಹೆದರಬ್ಯಾಡ್ರಿ" ಅನ್ನುವುದು. ಆದರೆ ಎಂಟು ವರ್ಷ ಯಂತ್ರದ ಕೋಣೆಯ ಗಾಜಿನಾಚೆ ನಿಂತು ನೋಡಿದವನ ಕಣ್ಣು ಪಳಗದೆ ಇದ್ದೀತೇ? ಶ್ವಾಸಕೋಶದಲ್ಲಿ ಗಡ್ಡೆ ಇದ್ದವರಿಗೆ ಹೊಟ್ಟೆಯ ಮೇಲ್ಭಾಗವನ್ನೂ ನೋಡುತ್ತಾರೆ. ಆ ಕ್ಯಾನ್ಸರ್ ಕಳ್ಳನ ಹಾಗೆ ಹೋಗಿ ಅಡಗುವುದೇ ಲಿವರಿನಲ್ಲಿ, ಕಿಡ್ನಿಯ ಮೇಲಿನ ಪುಟ್ಟ ಗ್ರಂಥಿಯಲ್ಲಿ. ಮೇಜು ಒಮ್ಮೆ ಸರಿದು ನಿಂತರೆ ಸರಿ. ಹಿಂದಕ್ಕೆ ಬಂದು ಹೊಟ್ಟೆಯ ಜಾಗದಲ್ಲೇ ಮತ್ತೊಮ್ಮೆ ಸಣ್ಣಗೆ ಸರಿಯತೊಡಗಿದರೆ ಅಲ್ಲೇನೋ ಕಂಡಿದೆ ಎಂದೇ ಲೆಕ್ಕ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಭೀಮಶಾನ ಕೆಮ್ಮಿನಲ್ಲಿ ರಕ್ತ ಬಂತು. ಎಕ್ಸ್-ರೇಯಲ್ಲಿ ರೂಪಾಯಿ ಅಗಲದ ನೆರಳು. ಸೂಜಿ ಹಾಕಿ ಪರೀಕ್ಷೆ ಮಾಡಿದರೆ ಕ್ಯಾನ್ಸರ್! ಡಾಕ್ಟರು ಮಾತ್ರ ಧೈರ್ಯ ಕೊಟ್ಟರು: "ಇದೊಂದೇ ಇದ್ರ ಹೈದರಾಬಾದಿನ್ಯಾಗ ಕೊಯ್ದು ತೆಗೀತಾರ, ಉಳೀತಿ. ಬ್ಯಾರೆ ಕಡಿ ಹಬ್ಬಿದ್ರ ಕೊಯ್ದು ಉಪಯೋಗಿಲ್ಲ. ಸ್ಕ್ಯಾನ್ ಹೇಳ್ತದ."

ಹೆಂಡತಿ ದುಂಡಮ್ಮನ ಕಿವಿಯಲ್ಲಿ ಉಳಿದದ್ದು 'ಕೊಯ್ಯುವುದು' ಒಂದೇ. ಎದೆ ಸೀಳುತ್ತಾರಂತೆ ಎಂದು ಮೂರು ದಿನ ಅನ್ನ ಮುಟ್ಟಲಿಲ್ಲ. "ಹುಚ್ಚಿ, ಕೊಯ್ದರೇ ಉಳಿಯೋದು" ಎಂದು ಭೀಮಶಾ ನಗಾಡಿದ್ದ. ಅವನಿಗೆ ಖಾತ್ರಿಯಿತ್ತು. ರೂಪಾಯಿಯಷ್ಟು ಗಡ್ಡೆ ಎಲ್ಲಿಗೆ ಹೋದೀತು?

ಸ್ಕ್ಯಾನಿನ ದಿನ ಯಾರ ಕೈಯನ್ನೂ ಹಿಡಿಯದೆ ತಾನೇ ಮೇಜಿನ ಮೇಲೆ ಮಲಗಿದ. ಗಾಜಿನಾಚೆ ಯಂತ್ರ ನಡೆಸುವವನು ಗೆಳೆಯ ಇನಾಯತ್. ಸ್ಕ್ಯಾನಿಗೆಂದು ಸೂಜಿಯಲ್ಲಿ ಕೊಟ್ಟ ಔಷಧ ರಕ್ತಕ್ಕಿಳಿದು ಮೈಯೆಲ್ಲ ಬಿಸಿಯಾಯಿತು. ಮೇಜು ಸರಿಯಿತು. ಎದೆ ದಾಟಿತು, ಹೊಟ್ಟೆ ದಾಟಿತು, ನಿಂತಿತು. ಅಬ್ಬಾ, ಗೆದ್ದೆ ಅಂದುಕೊಂಡು ಭೀಮಶಾ ಕೈ ಇಳಿಸಲು ಹೊರಟ.

ಮೇಜು ಹಿಂದಕ್ಕೆ ಬಂತು.

ಅಯ್ಯೋ ಶಿವನೇ, ಈ ಮೇಜಿನ ಮೇಲೆ ಎಷ್ಟು ಜನರನ್ನು ಮಲಗಿಸಿದ್ದಾನೋ, ಲೆಕ್ಕವಿಲ್ಲ! ಹಿಂದಕ್ಕೆ ಬಂದದ್ದು ಏಕೆಂದು ಅವರಲ್ಲಿ ಒಬ್ಬರಿಗಾದರೂ ಗೊತ್ತಿತ್ತೇ? ಇವನಿಗೆ ಗೊತ್ತಿತ್ತು.

"ಉಸಿರು ಹಿಡಿ ಭೀಮಶಾ" ಎಂದ ಇನಾಯತ್.

"ಯಾಕ ಹಿಂದ ತಂದಿ?" ಭೀಮಶಾ ಮಲಗಿದಲ್ಲಿಂದಲೇ ಕಿರುಚಿದ. "ಇನಾಯತ್, ಹೊಟ್ಟಿ ಮ್ಯಾಲ ಯಾಕ ತಂದಿ? ಹೇಳೋ!"

ಮೇಜು ಹೊಟ್ಟೆಯ ಜಾಗದಲ್ಲೇ ಮತ್ತೊಮ್ಮೆ ಸಣ್ಣಗೆ ಸರಿಯತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರು ಫಿಲ್ಮು ಹಿಡಿದು ತೋರಿಸಿದರು. ಲಿವರಿನಲ್ಲಿ ಎರಡು ಮಚ್ಚೆ, ಕಿಡ್ನಿಯ ಮೇಲೆ ಊದಿದ ಗಂಟು. "ಆಪರೇಶನ್ ಆಗಂಗಿಲ್ಲಪಾ" ಎಂದರು. ಭೀಮಶಾನಿಗೆ ಮುಂದಿನ ಒಂದು ಮಾತೂ ಕೇಳಿಸಲಿಲ್ಲ.

ಹೊರಗೆ ಬೆಂಚಿನ ಮೇಲೆ ದುಂಡಮ್ಮ ಕುಳಿತಿದ್ದಳು. ಅವನನ್ನು ಕಂಡೊಡನೆ ಎದ್ದಳು. ಅವನ ಬಾಯಿಂದ ಹೊರಟದ್ದು ಇಷ್ಟೇ: "ಆಪರೇಶನ್ ಇಲ್ಲಂತ."

"ಖರೇನ? ಕೊಯ್ಯಂಗಿಲ್ಲಂತ?" ದುಂಡಮ್ಮನ ಮುಖ ಅರಳಿತು. "ಯಪ್ಪಾ ಶರಣಬಸಪ್ಪಾ, ನನ್ನ ಮಾತು ಕೇಳಿದಿ!" ಬೆಂಚಿನ ಮೇಲಿದ್ದ ಗುರುತಿಲ್ಲದ ಹೆಂಗಸರ ಕೈ ಹಿಡಿದು, "ನಮ್ಮ ಮನಿಯವರಿಗೆ ಆಪರೇಶನ್ ಇಲ್ಲಂತ ನೋಡ್ರೆವ್ವಾ!" ಎಂದು ಸಾರಿದಳು. ಬಾಗಿಲಲ್ಲಿ ನಿಂತ ಇನಾಯತ್‌ನ ಕಣ್ಣು ಕಂಡು, "ನೀ ಯಾಕ ಅಳಾಕತ್ತಿ ತಮ್ಮಾ?" ಎಂದು ಅವನನ್ನೇ ಗದರಿದಳು.

ಭೀಮಶಾ ಅವಳ ಎರಡೂ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದ.

"ದುಂಡಮ್ಮ, ಕೊಯ್ಯಲಾಕ ಬರಂಗಿಲ್ಲ. ಅಷ್ಟು ಹಬ್ಬ್ಯದ" ಎಂದ.

ಅವಳ ಮುಖದ ಮೇಲೆ ನಗು ಇನ್ನೂ ಹಾಗೆಯೇ ಇತ್ತು.