ನೀಲವ್ವಕಾಕು ಹೇಳದ ಹೆಸರು

ಇವತ್ತು ಬೆಳಿಗ್ಗೆ ರಕ್ತ ಪರೀಕ್ಷೆಗೆ ಹೋಗಿದ್ದೆ. ಚೀಟಿ ಬರೆಯುವ ಹುಡುಗಿ ತಲೆ ಎತ್ತದೆ, "ಗಂಡನ ಹೆಸರು ಹೇಳ್ರಿ ಅಜ್ಜಿ" ಅಂದಳು. ಹೇಳಿದೆ. ಆದರೆ ಹೇಳುವ ಮೊದಲು ತುಟಿ ಒಂದು ಗಳಿಗೆ ನಿಂತಿತು. ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುವುದು ಮೂಢನಂಬಿಕೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಬಾಯಿ ಇದು. ನಗಬೇಡಿ. ಅಥವಾ ನಗಿ, ನಾನೂ ನಕ್ಕೆ. ನಗುತ್ತಿರುವಾಗಲೇ ಪಕ್ಕದ ಮನೆಯ ಗಂಗಪ್ಪಕಾಕಾ ನೆನಪಾದರು.

ಯರಗಟ್ಟಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದೇ ಗೋಡೆ. ಕಾಕಾ ಹಿಟ್ಟಿನ ಗಿರಣಿ ನಡೆಸಿದವರು. ಈಗ ಗಿರಣಿಯನ್ನು ಮಗ, ಸೊಸೆ ನೋಡಿಕೊಳ್ಳುತ್ತಾರೆ. ಹಗಲು ಮನೆಯಲ್ಲಿ ಕಾಕಾ ಮತ್ತು ಅವರ ಹೆಂಡತಿ ನೀಲವ್ವಕಾಕು ಇಬ್ಬರೇ. ಕಾಕುವಿಗೆ ಮರೆವಿನ ಕಾಯಿಲೆ. ಮೊದಲು ಸಾರಿಗೆ ಎರಡು ಸಲ ಉಪ್ಪು ಹಾಕಿದರು. ಆಮೇಲೆ ಅಂಗಡಿಗೆ ಹೋದವರಿಗೆ ಮನೆಯ ದಾರಿ ತಪ್ಪಿತು. ಆಮೇಲೆ ಒಂದು ದಿನ, ನಾನು ಅಲ್ಲೇ ಮೊಸರು ಕೊಡಲು ನಿಂತಿದ್ದಾಗ, ಕಾಕಾನ ಮುಖ ನೋಡಿ ಕೇಳಿದರು:

"ಯಾರ ಮನಿ ಆಳೋ ತಮ್ಮಾ ನೀ?"

ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಬಿಗಿದರು.

"ನಿಮ್ಮ ಮನೀ ಆಳs ರೀ ಅಕ್ಕಾರ. ಮಾಲಕರು ಕಳಿಸ್ಯಾರ."

ಅಂದಿನಿಂದ ಆ ಕೆಲಸ ಕಾಯಂ ಆಯಿತು. ಕಾಕಾ ರೊಟ್ಟಿ ಬಡಿಯುತ್ತಿದ್ದರು. ಅದು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಊರಿಗೆಲ್ಲ ಜೋಳ ಬೀಸಿಕೊಟ್ಟವರಿಗೆ ಆ ಹಿಟ್ಟು ಕೈಗೆ ಬಗ್ಗುತ್ತಿರಲಿಲ್ಲ. ಕಾಕು ಮಣೆಯ ಮೇಲೆ ಕುಳಿತು ತಪ್ಪು ಹಿಡಿಯುತ್ತಿದ್ದರು. ರೊಟ್ಟಿಯದು ಮುಗಿದರೆ ಗಂಡನದು.

"ನಮ್ಮ ಮನಿಯವ್ರು ಭಾಳ ಸಿಡುಕರು, ತಮ್ಮಾ."

"ಹೌದೇನ್ರೀ? ಹಂಗಾರ ಬಿಟ್ಟ ಬಿಡ್ರಿ ಅವರನ್ನ."

"ಏ ಹುಚ್ಚಾ! ನಾ ಬಿಟ್ಟರ ಉಣ್ಣಾಕ ಯಾರ ಕರೀತಾರ ಅವರನ್ನ?"

ಐವತ್ತು ವರ್ಷ ತಮ್ಮ ಮುಖದೆದುರು ಹೆಂಡತಿ ಆಡದ ದೂರುಗಳನ್ನೆಲ್ಲ ಕಾಕಾ ಹೀಗೆ ಕೇಳಿಸಿಕೊಂಡು, ನನಗೆ ಗೋಡೆಯ ಮೇಲಿಂದ ವರದಿ ಒಪ್ಪಿಸುತ್ತಿದ್ದರು. "ಇವತ್ತ ನಾಕ ತಪ್ಪ ಸಿಕ್ಕಾವ್ರೀ ಬಾಯಾರ, ಎರಡ ಖರೇನ ಅದಾವ." ಸಾಲಿಯಲ್ಲಿ ಕಲಿಸುವುದು ಬಿಟ್ಟು ಎಷ್ಟು ವರ್ಷವಾದರೂ ಊರಿಗೆ ನಾನು ಬಾಯಾರೇ.

ಬೆಳಗಾವಿಯ ಡಾಕ್ಟರ ಹತ್ತಿರ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ವಾರ ಕೇಳಿದರು, ಊರು ಕೇಳಿದರು. ಗಂಡನ ಹೆಸರು ಕೇಳಿದಾಗ ಕಾಕು ಸೆರಗು ಎಳೆದುಕೊಂಡು ತಲೆ ತಗ್ಗಿಸಿದರು. ಎರಡು ಸಲ ಕೇಳಿದರೂ ಅಷ್ಟೇ. ಡಾಕ್ಟರು, ಮರೆತಿದ್ದಾರೆ ಎಂದು ಬರೆದುಕೊಂಡರು. ಬಸ್ಸಿನಲ್ಲಿ ಕಾಕಾ ಯರಗಟ್ಟಿ ಬರುವವರೆಗೂ ಅದನ್ನೇ ಹೇಳಿದರು: "ಲಗ್ನ ಆದಾಗಿಂದ ಆಕಿ ನನ್ನ ಹೆಸರ ಎತ್ತಿಲ್ಲರೀ. ಡಾಕ್ಟರ ಮುಂದ ಎತ್ತತಾಳೇನು? ಮಾರಿ ಮರತಿರಬೇಕು. ಹೆಸರ ಮರತಿಲ್ಲ." ಆ ಮನುಷ್ಯ ಉಳಿದದ್ದನ್ನೆಲ್ಲ ಬಿಟ್ಟುಕೊಟ್ಟಿದ್ದರು, ಇದೊಂದನ್ನು ಹಿಡಿದುಕೊಂಡಿದ್ದರು.

ಹೋದ ವರ್ಷ ನನ್ನ ಮಗಳ ಕುಬಸ. ಬಸುರಿಗೆ ಉಡಿ ತುಂಬಿದ ಮೇಲೆ ಹೆಂಗಸರು ಒಡಪು ಹೇಳುವುದು ನಮ್ಮ ಕಡೆಯ ರೂಢಿ. ಎರಡು ಪ್ರಾಸದ ಸಾಲಿನೊಳಗೆ ಗಂಡನ ಹೆಸರು ಬಂದರೆ ಅದಕ್ಕೆ ದೋಷವಿಲ್ಲ. ಯಾರೋ ಕಾಕುವಿಗೂ ಹೇಳಿ ಎಂದರು. ಬೇಡವೆನ್ನಬೇಕಿತ್ತು ನಾನು, ಅನ್ನಲಿಲ್ಲ. ಪಡಸಾಲೆಯಲ್ಲಿದ್ದ ಕಾಕಾ ಎದ್ದು ಬಾಗಿಲಿಗೆ ಬಂದರು.

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ," ಎಂದರು ಕಾಕು, ಗಟ್ಟಿ ದನಿಯಲ್ಲಿ. ಮುಂದಿನ ಸಾಲು ಹೆಸರಿನಿಂದಲೇ ಶುರುವಾಗಬೇಕು. ಕಾಕುವಿನ ಮಾತು ಅಲ್ಲಿಗೇ ನಿಂತಿತು. ಪಕ್ಕದವಳು ಕಿವಿಯಲ್ಲಿ ಹೇಳಲು ಬಾಗಿದಳು. ಕಾಕಾ ಬಾಗಿಲಿಂದಲೇ ಕೈಯೆತ್ತಿ ತಡೆದರು. ಕಾಕು ಅತ್ತಿತ್ತ ನೋಡಿ, ಅವರನ್ನು ಕಂಡು, ಗೆಲುವಾದರು.

"ಏ ತಮ್ಮಾ, ನಮ್ಮ ಮನಿಯವರ ಹೆಸರೇನೋ?"

ಕಾಕಾ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಅದೇ ಆಳಿನ ದನಿಯಲ್ಲಿ, "ಗಂಗಪ್ಪ ಅಂತಾರ್ರೀ ಅಕ್ಕಾರ," ಅಂದರು.

"ಹಲ್ಲ ಉದರಸ್ತೇನಿ ನೋಡು! ಮಾಲಕರ ಹೆಸರ ಹಂಗ ಮೋಟ ಮಾಡಿ ಹೇಳ್ತಾರೇನೋ? ಗಂಗಪ್ಪನವ್ರು ಅನ್ನು!"

ಹೆಸರು ಹೇಳಿಬಿಟ್ಟಿದ್ದರು. ಹೆಂಗಸರೆಲ್ಲ ನಕ್ಕರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕರು. ಊಟಕ್ಕೆ ಕುಳಿತಾಗ ಅವರ ಎಲೆಗೆ ಕಡಬು ಬಡಿಸಿದೆ. ತಲೆ ಎತ್ತದೆ, "ಡಾಕ್ಟರ ಹೇಳಿದ್ದ ಖರೇ ಆತ್ರೀ ಬಾಯಾರ," ಅಂದರು. ಕಡಬು ಮುರಿದರು, ತಿನ್ನಲಿಲ್ಲ. ಮರುದಿನ ಗೋಡೆಯಾಚೆ ಇಣುಕಿದೆ, ಹೆದರುತ್ತಲೇ. ಟವೆಲ್ ಸೊಂಟದಲ್ಲೇ ಇತ್ತು.

ಅವತ್ತಿನಿಂದ ನಾನು ಅವರಿಗಾಗಿ ಮರುಗುತ್ತ ಬಂದೆ. ಇವತ್ತು ಪರೀಕ್ಷೆ ಮುಗಿಸಿ ಬೀದಿಗೆ ತಿರುಗುವಾಗ ಕಾಕುವಿನ ದನಿ ಕೇಳಿತು: "ಸಾಕು, ಮನಿಗೆ ಹೋಗೋ ತಮ್ಮಾ. ನಿನ್ನ ಹೇಣ್ತಿ ದಾರಿ ಕಾಯಾಕತ್ತಿರ್ತಾಳ." ಕಾಕಾ ಹೊರಗೆ ಬಂದು ಬಾಗಿಲೆಳೆದುಕೊಂಡರು. ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು, ತಲೆಗೂದಲು ಸವರಿಕೊಂಡರು. ನನ್ನನ್ನು ಕಂಡು, ಸುಮ್ಮನಿರಿ ಎಂದು ಬೆರಳು ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು ಚಿಲಕ ಬಡಿದರು.

ಬಾಗಿಲು ತೆರೆಯಿತು.

"ಈಗ ಬಂದ್ರ್ಯಾ? ಆಳ ಈಗಷ್ಟ ಹೋದ ನೋಡ್ರಿ. ರೊಟ್ಟಿ ಬಡಿಯಾಕ ಬರೂದಿಲ್ಲ ಅವಗ. ಆದ್ರೂ ಬಿಡಿಸಬ್ಯಾಡ್ರಿ. ಭಾಳ ಛಲೋ ನೋಡ್ಕೋತಾನ ನನ್ನ."

"ಇರಲಿ ತಗೋ," ಅಂದರು ಕಾಕಾ, ಮಾಲಕರ ಗತ್ತಿನಲ್ಲಿ, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತ.