ಗೊಂಬೆ ಉಟ್ಟ ಅವ್ವನ ಸೀರೆ

ಹುಬ್ಬಳ್ಳಿಯ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ, ಕ್ರಿಸ್‌ಮಸ್ ಟ್ರೀ ಪಕ್ಕ ನಿಂತಿದ್ದ ಆಳೆತ್ತರದ ಗೊಂಬೆಯನ್ನು ಹಿಂದಿನಿಂದ ‘ಅವ್ವಾ’ ಎಂದು ಅಪ್ಪಿಕೊಂಡೆ. ಆಗ ನಾನು ಕಾನ್ವೆಂಟಿನಲ್ಲಿ ಸೆಕೆಂಡ್ ಸ್ಟ್ಯಾಂಡರ್ಡ್. ಗೊಂಬೆ ಉಟ್ಟಿದ್ದು ಗಜೇಂದ್ರಗಡದ ನಮ್ಮ ಮನೆಯ ಮಗ್ಗದ ಸೀರೆ. ಅದನ್ನು ಅರ್ಧ ನೇಯ್ದು ಅವ್ವ ತೀರಿಕೊಂಡಿದ್ದಳು. ಮಗ್ಗದ ಮೇಲಿನ ಸೀರೆಯನ್ನು ಅರ್ಧಕ್ಕೆ ಕಡಿಯಬಾರದೆಂದು ಚಿಗವ್ವ ಮುಗಿಸಿದ್ದಳು. ಕೈ ಬದಲಾದಲ್ಲಿ ನೇಯ್ಗೆ ಬಿಗಿಯಾಗಿದ್ದು ನನಗೆ ಗುರುತಿತ್ತು.

“ಏ ಹುಡುಗಿ, ಮುಟ್ಟಬ್ಯಾಡ, ಹೊಲಸ ಆಗ್ತದ!” ಸೇಲ್ಸ್‌ಮನ್ ಗದರಿದ.

“ನೇಯ್ದಾಕಿ ಮಗಳರೀ ಅಕಿ. ಒಂದ್ಸಲ ಮುಟ್ಟಲಿ ಬಿಡ್ರಿ,” ಎಂದ ಜೊತೆಗಿದ್ದ ಅಪ್ಪ. ಸೇಲ್ಸ್‌ಮನ್ ಗೊಂಬೆಯನ್ನೆತ್ತಿ ಗಾಜಿನ ಶೋಕೇಸಿನೊಳಗಿಟ್ಟ. ಸ್ಟೋರಿನಲ್ಲಿ ಕ್ರಿಸ್‌ಮಸ್ ಕ್ಯಾರಲ್ ಹಾಡು ನಡೆದೇ ಇತ್ತು.

ಈಗ ನನಗೆ ಎಪ್ಪತ್ತು ದಾಟಿದೆ. ಸೀರೆ ಅಂಗಡಿಗೆ ಹೋದರೆ ಇಂದಿಗೂ ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ.