ಕಟಿಂಗ್ ಮಾಸ್ಟರ್ ಸಂಜೀವಪ್ಪನವರು ಒಪ್ಪಿದ ಹನಿ

ರಾಯದುರ್ಗದ ಜೀನ್ಸ್ ಘಟಕವೊಂದರಲ್ಲಿ ಇಪ್ಪತ್ತನಾಲ್ಕು ವರ್ಷ ಕತ್ತರಿ ಹಿಡಿದ ಸಂಜೀವಪ್ಪನವರಿಗೆ ಜಗತ್ತಿನ ಮಾಲೆಲ್ಲ ಎರಡೇ ಬಗೆ: ಅಸಲಿ, ಡೂಪ್ಲಿಕೇಟ್. ಈ ವಿಂಗಡಣೆ ಅವರಿಗೆ ಬಟ್ಟೆಯಿಂದ ಬಂದದ್ದಲ್ಲ. ಮೊದಲಿದ್ದ ರೊಳ್ಳ ಎಂಬ ಊರಿನಲ್ಲಿ ಅವರ ಚೊಚ್ಚಲ ಗಂಡುಮಗು ಎಂಟು ತಿಂಗಳಿಗೇ, 1991ರ ಆಗಸ್ಟ್ 14ರಂದು, ವಾಂತಿಭೇದಿಯಿಂದ ತೀರಿಕೊಂಡಿತು. ಕುಡಿಸಿದ ಔಷಧ ನಕಲಿಯೆಂದು ಆಮೇಲೆ ತಿಳಿಯಿತು. 1993ರ ಮಾರ್ಚ್‌ನಲ್ಲಿ ಅವರು ಹೆಂಡತಿಯೊಡನೆ ರಾಯದುರ್ಗ ಸೇರಿದರು.

ಮಗಳು ಮೌನಿಕಾ ತವರಿಗೆ ಬಂದು 2016ರ ಜೂನ್ 9ರಂದು ಹೆಣ್ಣುಮಗು ಹೆತ್ತಳು. ಉಳಿದ ಲಸಿಕೆಗಳಿಗೆ ಅಜ್ಜ ಅಡ್ಡಿ ಮಾಡಲಿಲ್ಲ. ಆದರೆ ಆ ವರ್ಷ ಹೊಸದಾಗಿ ಬಂದಿದ್ದ, ಭೇದಿ ತಡೆಯುವ ಹನಿಯ ಶೀಶೆಯನ್ನು ಕಂಡು ಬೇಡವೆಂದು ಹಟ ಹಿಡಿದರು. ಖಾಸಗಿ ಆಸ್ಪತ್ರೆಯ ಗೋಡೆಯ ಮೇಲಿನ ಜಾಹೀರಾತಿನಲ್ಲಿ ಇಂಥದೇ ಹನಿಗೆ ಪರದೇಶಿ ಕಂಪನಿಯ ಹೆಸರಿತ್ತು. ಇಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ನಮ್ಮ ದೇಶದ್ದು, ಅದೂ ಪುಕ್ಕಟೆ. ಲೇಬಲ್ ಬೇರೆಯಾದ ಮೇಲೆ ಮಾಲು ಡೂಪ್ಲಿಕೇಟೇ! ಐದನೆಯ ತಿಂಗಳಲ್ಲಿ ಮಗಳು ಹೇಮಾವತಿ ಎಂಬ ಊರಿನ ಗಂಡನ ಮನೆಗೆ ಹೊರಟಾಗ, ಕರೆದೊಯ್ಯಲು ಬಂದ ಬೀಗರ ಮುಂದೆಯೇ ಅಪ್ಪ ಹಾಕಿದ ನಿಷೇಧವೂ ಜೊತೆಗೇ ಹೋಯಿತು.

2017ರ ಜೂನ್ 5, ಸೋಮವಾರ. ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕುತ್ತ ನರ್ಸ್ ದ್ರಾಕ್ಷಾಯಣಮ್ಮ ಘಟಕಕ್ಕೇ ಬಂದರು.

“ಮಾಸ್ಟರೇ, ನಿಮ್ಮ ಮೊಮ್ಮಗಳಿಗೆ ಶುಕ್ರವಾರ ವರ್ಷ ತುಂಬ್ತೈತ್ರಿ. ಮೊದಲ್ನೇ ಹನಿ ಅದರೊಳಗ ಬಿದ್ದಿರಬೇಕು. ಆಮ್ಯಾಲೆ ಶುರು ಮಾಡಂಗಿಲ್ಲ.”

“ಡೂಪ್ಲಿಕೇಟ್ ಮಾಲು ನಮಗ ಬ್ಯಾಡ್ರಿ.”

ದ್ರಾಕ್ಷಾಯಣಮ್ಮ ಮೇಜಿನ ಮೇಲಿದ್ದ ಪ್ಯಾಂಟನ್ನು ಎತ್ತಿ ಹಿಡಿದರು. “ಇದರ ಮ್ಯಾಲೆ ಬೆಂಗ್ಳೂರು ಕಂಪನಿ ಹೆಸರೈತಿ. ಕತ್ತರಿಸಿದೋರು ನೀವು. ಹಂಗಾರ ಇದೂ ಡೂಪ್ಲಿಕೇಟೇನ್ರಿ?”

ಸಂಜೀವಪ್ಪನವರ ಮುಖ ಕೆಂಪೇರಿತು. “ಯಾಕ ಹಂಗಂತೀರಿ? ಪ್ಯಾಟರ್ನ್ ಅವರೇ ಕೊಟ್ಟಾರ. ಹೊಲೀರಿ ಅಂತ ಕಾಗದ ಬರಕೊಟ್ಟಾರ. ಒಂದು ನೂಲು ಆಚೀಚೆ ಆದ್ರ ಮಾಲು ವಾಪಸ್ ಕಳಿಸ್ತಾರ!”

“ಈ ಹನಿಗೂ ಹಂಗ ಕಾಗದ ಐತ್ರಿ. ನಮ್ಮ ವಿಜ್ಞಾನಿಗಳು, ಅಮೆರಿಕದ ಸರಕಾರಿ ಲ್ಯಾಬಿನೋರು ಕೂಡಿ ಮಾಡಿದ್ದು. ಅಲ್ಲಿ ಜನ ಕಟ್ಟಿದ ತೆರಿಗೆ ದುಡ್ಡು, ಇಲ್ಲಿ ನಮ್ಮದು. ಬಡ ದೇಶದ ಕೂಸುಗಳಿಗೂ ಸಿಗಲಿ ಅಂತ ನಮ್ಮ ಕಂಪನಿಗೆ ಲೈಸೆನ್ಸ್ ಕೊಟ್ಟಾರ. ಕದ್ದು ಮಾಡಿದ್ದಲ್ಲ.”

“ತಪಾಸಣೆ?”

“ಸಾವಿರಾರು ಕೂಸುಗಳ ಮ್ಯಾಲೆ ನೋಡ್ಯಾರ್ರಿ. ನಿಮ್ಮ ಪ್ಯಾಂಟಿಗಿಂತ ಬಿಗಿ.”

ಸುತ್ತಲಿನ ಹೊಲಿಗೆ ಹೆಂಗಸರು ನಕ್ಕರು. ಮಾಸ್ಟರು ನಗಲಿಲ್ಲ. ತಾವು ಕಾಪಾಡುತ್ತಿದ್ದೇವೆಂದುಕೊಂಡ ಮಗುವನ್ನು ತಾವೇ ಅದೇ ವಾಂತಿಭೇದಿಯ ಅಪಾಯಕ್ಕೆ ಒಡ್ಡಿದ್ದು ಅವರಿಗೆ ಆಗ ಹೊಳೆಯಿತು. ಕತ್ತರಿ ಕೆಳಗಿಟ್ಟು ರಜೆ ಕೇಳಿದರು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಬೀಗರ ಮುಂದೆ ನಿಂತು ಬೇಡವೆಂದವರು ನಿಂತೇ ಬೇಕೆನ್ನಬೇಕೆಂಬುದು ಅವರ ನಿಯಮ. ಮಂಗಳವಾರ ಬೆಳಗಿನ ಬಸ್ಸು ಹಿಡಿದು, ಮಡಕಶಿರಾದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ, ಸಂಜೆ ಹೇಮಾವತಿ ತಲುಪಿದರು. ಇಡೀ ದಾರಿ ಕೂಸು ಹುಷಾರಾಗಿದ್ದರೆ ಸಾಕೆಂಬುದೊಂದೇ ಯೋಚನೆ. ಅದು ಅಂಗಳದಲ್ಲಿ ಕಡಲೆಕಾಯಿ ಸಿಪ್ಪೆ ಚೆಲ್ಲಾಡುತ್ತಿತ್ತು.

ಬುಧವಾರ, ಜೂನ್ 7. ಲಸಿಕೆಯ ದಿನ. ಅಂಗನವಾಡಿಯಲ್ಲಿ ಸಂಜೀವಪ್ಪನವರು ಶೀಶೆ ಇಸಿದುಕೊಂಡು, ಕನ್ನಡಕ ಏರಿಸಿ, ತಯಾರಿಕೆಯ ದಿನಾಂಕ, ಮುಗಿಯುವ ದಿನಾಂಕಗಳನ್ನು ಎರಡು ಸಲ ಓದಿದರು. ತಲೆಯಾಡಿಸಿದರು. ಐದು ಹನಿ ಬಿದ್ದವು. ಕೂಸು ಮುಖ ಕಿವುಚಿ, ಯೋಚಿಸಿ, ನುಂಗಿತು.

“ಆರು ತಿಂಗಳಿಂದ ನಾನು ಬಡ್ಕೊಂಡೆ, ಇವ್ಳು ಅಪ್ಪ ಬೇಡಾಂದವ್ರೆ ಅಂತಿದ್ಲು,” ಎಂದರು ಬೀಗಿತಿ ನರಸಕ್ಕ. “ಈಗ ನೀವೇ ಎತ್ಕೊಂಡ್ ಬಂದ್ರಲ್ಲ, ಬೀಗ್ರೆ!”

“ತಪ್ಪು ನಂದೇ ಬಿಡ್ರಿ, ಅಕ್ಕಾರ. ಮುಂದಿನದು ಜುಲೈ 5, ಆಮ್ಯಾಲಿಂದು ಆಗಸ್ಟ್ 2. ಮರೀಬ್ಯಾಡ್ರಿ.”

ಸೋಮವಾರದಿಂದ ಅನ್ನ ಸೇರದಿದ್ದ ಮನುಷ್ಯ ಅಂದು ಮಧ್ಯಾಹ್ನ ಎರಡು ರಾಗಿಮುದ್ದೆ ಮುಗಿಸಿ, ಮೂರನೆಯದಕ್ಕೂ ತಟ್ಟೆ ಮುಂದೊಡ್ಡಿದರು.